ಆ ಒಂಬತ್ತು ಅಂಕಿ ಯಾರಿಗೆ ಕೊಡಬೇಕು, ಯಾರಿಗೆ ಬೇಡ

ತಮ್ಮಾ, ಅಮೆರಿಕದ ನಿನ್ನ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿ, ಸಂಬಳಕ್ಕೆ, ಟ್ಯಾಕ್ಸ್‌ಗೆ ಬೇಕಾದ ಒಂಬತ್ತು ಅಂಕಿಯ ನಂಬರ್ ಇರುವ ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ಬಂತು ಅಂದೆ, ಒಳ್ಳೇದಾಯ್ತು. ಬಾಡಿಗೆ ಮನೆ ತೋರಿಸುವ ಮೊದಲೇ ಓನರ್ ಆ ನಂಬರ್, ಪಾಸ್‌ಪೋರ್ಟ್ ಫೋಟೋ ಎರಡೂ ವಾಟ್ಸಾಪ್ ಮಾಡು ಅಂತಿದ್ದಾನೆ, ಕೊಡಲಾ ಅಂತ ಕೇಳಿದ್ದೀಯ. ಬೇಡ. ಮನೆ ಕಣ್ಣಾರೆ ನೋಡದೆ ಅಡ್ವಾನ್ಸೂ ಬೇಡ. ಈಗಾಗಲೇ ಕಳಿಸಿದ್ದರೆ ಐಡೆಂಟಿಟಿಥೆಫ್ಟ್ ಡಾಟ್ ಗವ್ ಅನ್ನುವ ಸರ್ಕಾರಿ ಸೈಟ್ ನೋಡು, ಮುಂದೆ ಏನು ಮಾಡಬೇಕು ಅಂತ ಅಲ್ಲೇ ಹೇಳುತ್ತಾರೆ.

ನಮ್ಮ ಕಲಬುರಗಿಯಲ್ಲಿ ಸಿಮ್‌ಗೆ ಆಧಾರ್ ಝೆರಾಕ್ಸ್, ಲಾಡ್ಜ್‌ಗೆ ಝೆರಾಕ್ಸ್, ಗ್ಯಾಸ್‌ಗೂ ಝೆರಾಕ್ಸ್. ಸೂಪರ್ ಮಾರ್ಕೆಟ್ ಏರಿಯಾ ಕಡೆ ಹೋದಾಗ ನಾಲ್ಕು ಕಾಪಿ ಜಾಸ್ತಿನೇ ತೆಗೆಸಿ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತೇವೆ, ಮಸುಕಾಗಿ ಬಂದ ಕಾಪಿ ಅಂಗಡಿಯವನ ಕಸದ ಬುಟ್ಟಿಯಲ್ಲೇ ಉಳಿಯುತ್ತದೆ, ಯಾರೂ ತಿರುಗಿ ನೋಡಲ್ಲ. ಯಾಕೆ ಬೇಕು ಅಂತ ಕೇಳೋಕೆ ನಮಗೆ ಸಂಕೋಚ. ಇಲ್ಲಿ ಧೈರ್ಯವಾಗಿ ಕೇಳು, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಸಂಬಳ ಕೊಡುವವರಿಗೆ, ಬ್ಯಾಂಕಿಗೆ, ಟ್ಯಾಕ್ಸ್‌ಗೆ ಕೊಡಲೇಬೇಕು. ಡಾಕ್ಟರ್ ಹತ್ತಿರದ ಫಾರ್ಮ್‌ನಲ್ಲೂ ಆ ಜಾಗ ಇರುತ್ತದೆ, ನಾನು ಖಾಲಿ ಬಿಡುತ್ತೇನೆ, ಇದುವರೆಗೂ ಯಾರೂ ವಾಪಸ್ ಕಳಿಸಿಲ್ಲ. ಕಾರ್ಡ್ ಪರ್ಸ್‌ನಲ್ಲಿ ಇಟ್ಟುಕೊಂಡು ತಿರುಗಬೇಡ.

ಆದರೆ ಬಚ್ಚಿಟ್ಟರಷ್ಟೇ ಸಾಲಲ್ಲ. ಸಾಲದ ಲೆಕ್ಕ ಇಡುವ ಈಕ್ವಿಫ್ಯಾಕ್ಸ್ ಕಂಪನಿಯಿಂದಲೇ 2017ರಲ್ಲಿ ಸುಮಾರು 14.7 ಕೋಟಿ ಜನರ ವಿವರ ಕದ್ದುಹೋಯಿತು, ಆ ಜನ ಏನು ತಪ್ಪು ಮಾಡಿದ್ದರು ಹೇಳು? ಹಾಗಾಗಿ ನಂಬರ್ ಎಂದಾದರೂ ಹೊರಗೆ ಹೋಗಿಯೇ ಹೋಗುತ್ತದೆ ಅಂತ ಇಟ್ಟುಕೋ. ಮೊದಲ ಕ್ರೆಡಿಟ್ ಕಾರ್ಡ್ ಬಂದು ನಿನ್ನ ಹೆಸರು ಅವರ ಲೆಕ್ಕಕ್ಕೆ ಸೇರಿದ ಮೇಲೆ ಈಕ್ವಿಫ್ಯಾಕ್ಸ್, ಅದರಂಥವೇ ಆದ ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರರಲ್ಲೂ ಬೇರೆ ಬೇರೆಯಾಗಿ ಕ್ರೆಡಿಟ್ ಫ್ರೀಝ್, ಅಂದರೆ ನಿನ್ನ ಸಾಲದ ಲೆಕ್ಕಕ್ಕೆ ಬೀಗ, ಹಾಕಿಸು. ಆಮೇಲೆ ನಿನ್ನ ಹೆಸರಲ್ಲಿ ಬೇರೆಯವರು ಸಾಲ ಎತ್ತುವುದು ಕಷ್ಟ. 2018ರಿಂದ ಇದು ಕಾನೂನಿನ ಪ್ರಕಾರ ಪುಕ್ಕಟೆ. ತಿಂಗಳಿಗೆ ಇಷ್ಟು ಡಾಲರ್ ಅಂತ ಪ್ಲಾನ್ ತೋರಿಸಿದರೆ ಒತ್ತಬೇಡ. ಫ್ರೀಝ್‌ನಿಂದ ನಿನ್ನ ಕ್ರೆಡಿಟ್ ಸ್ಕೋರ್‌ಗೆ ಏನೂ ಆಗಲ್ಲ, ಮುಂದೆ ಕಾರ್ ಲೋನ್ ಬೇಕಾದಾಗ ಆನ್‌ಲೈನ್‌ನಲ್ಲೇ ಸ್ವಲ್ಪ ದಿನ ತೆಗೆದು ಮತ್ತೆ ಹಾಕಬಹುದು. ಹಾಗೇ ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ಐಪಿ ಪಿನ್ ಅನ್ನುವ ಆರು ಅಂಕಿಯ ಗುಟ್ಟಿನ ನಂಬರ್ ತೆಗೆದುಕೋ, ಆಗ ನಿನ್ನ ರಿಫಂಡ್‌ಗೆ ಬೇರೆ ಯಾರೋ ರಿಟರ್ನ್ ಹಾಕೋಕೆ ಆಗಲ್ಲ. ಐಆರ್‌ಎಸ್, ಇಮಿಗ್ರೇಷನ್ ಅಂತ ಫೋನ್ ಮಾಡಿ ಹೆದರಿಸಿ ಗಿಫ್ಟ್ ಕಾರ್ಡ್ ಕೊಳ್ಳು ಅಂದರೆ ಫೋನ್ ಇಟ್ಟುಬಿಡು. ಮಾತಿಗೆ ಮಾತು ಕೊಡಬೇಡ.

ಊರಿನ ಸಿಮ್ ಅಪ್ಪನ ಹತ್ತಿರ ಬಿಟ್ಟು ಬಂದಿದ್ದೀನಿ ಅಂತಲೂ ಬರೆದಿದ್ದೀಯ. ನನಗೆ ಜಾಸ್ತಿ ಚಿಂತೆ ಅದೇ. ನಿನ್ನ ಬ್ಯಾಂಕಿನ ಒಟಿಪಿ ಎಲ್ಲ ಅಲ್ಲಿಗೇ ಬರುತ್ತದೆ ಅಲ್ವಾ? ಬ್ಯಾಂಕಿನಿಂದ ಅಂತ ಯಾರಾದರೂ ಗೌರವವಾಗಿ 'ಸಾಹೇಬ್ರೇ' ಅಂದರೆ ನಮ್ಮ ಹಿರಿಯರು ಓದಿ ಹೇಳಿಬಿಡುತ್ತಾರೆ. ಈ ಭಾನುವಾರ ವಿಡಿಯೋ ಕಾಲ್ ಮಾಡಿ ಆಧಾರ್‌ನ ಸರ್ಕಾರಿ ಸೈಟ್‌ನಲ್ಲಿ ನಿನ್ನ ಬಯೋಮೆಟ್ರಿಕ್ ಲಾಕ್ ಮಾಡು, ಬೆರಳಚ್ಚು ತೋರಿಸಿ ದುಡ್ಡು ತೆಗೆಯುವ ದಾರಿ ಮುಚ್ಚುತ್ತದೆ. ಅದಕ್ಕೂ ಒಟಿಪಿ ಅಪ್ಪನೇ ಓದಬೇಕು, ಅದು ಬೇರೆ ಮಾತು. ಮುಖ ನೋಡಿ ನಿನಗೆ ಮಾತ್ರ ಹೇಳಲಿ, ಬೇರೆ ಯಾರೇ ಕೇಳಿದರೂ 'ಮಗನಿಗೆ ಕೇಳ್ರಿ' ಅಂತ ಕಟ್ ಮಾಡಲಿ.