ಓದುಗರ ಪ್ರಶ್ನೆ: ಮನೆಯ ಫೋಟೊಗಳಿಗೆ ರಟ್ಟಿನ ಪೆಟ್ಟಿಗೆ

ಅಪ್ಪ ಅಮ್ಮನ ಮದುವೆಯಿಂದ ಹಿಡಿದು ಮಕ್ಕಳ ನಾಮಕರಣದವರೆಗೆ ಮುನ್ನೂರರಷ್ಟು ಫೋಟೊ ಪ್ಲಾಸ್ಟಿಕ್ ಕವರಿನಲ್ಲಿವೆ. ಹೆಚ್ಚಿನವು 4×6 ಇಂಚಿನವು. ಮನೆಯಲ್ಲೇ ಚೆಂದದ ಪೆಟ್ಟಿಗೆ ಮಾಡಲು ಅಳತೆ ತಿಳಿಸಿ. – ಓದುಗರು, ಶಿಡ್ಲಘಟ್ಟ

ಮೊದಲು ಫೋಟೊ ಅಳೆಯಿರಿ, ಆಮೇಲೆ ರಟ್ಟು ಕೊಯ್ಯಿರಿ. ಬಹಳಷ್ಟು ಜನ ಚೆಂದದ ಪೆಟ್ಟಿಗೆ ಮಾಡಿ, ಫೋಟೊ ಹಿಡಿಸದೆ ಬಗ್ಗಿಸಿ ತುರುಕುತ್ತಾರೆ. 4×6 ಇಂಚು ಎಂದರೆ 10.2×15.2 ಸೆಂ.ಮೀ. ಫೋಟೊಗಳನ್ನು ಉದ್ದದ ಅಂಚು ಕೆಳಗಾಗುವಂತೆ ನಿಲ್ಲಿಸಿದರೆ ಮುನ್ನೂರಕ್ಕೆ ಸುಮಾರು 7.5 ಸೆಂ.ಮೀ. ಬೇಕು. ನಡುವಿನ ತಡೆ ಕಾರ್ಡುಗಳಿಗೂ ಬೆರಳಾಡಲೂ ಜಾಗ ಬಿಟ್ಟರೆ ಪೆಟ್ಟಿಗೆಯ ಒಳಗಿನ ಅಳತೆ 16.2 ಅಗಲ, 11 ಆಳ, 11.2 ಎತ್ತರ ಆಗುತ್ತದೆ.

ಪುಸ್ತಕ ಬೈಂಡಿಂಗ್ ಮಾಡುವವರ ಹತ್ತಿರ ಸಿಗುವ 2 ಮಿ.ಮೀ. ರಟ್ಟು ತನ್ನಿ. ತಳಕ್ಕೆ 16.2×11, ಮುಂದೆ ಹಿಂದೆ 16.2×11.4ರ ಎರಡು, ಪಕ್ಕಗಳಿಗೆ 11.4×11.4ರ ಎರಡು. ಮುಂದಿನ ಹಿಂದಿನ ತುಂಡುಗಳನ್ನು ತಳದ ಅಂಚಿಗೆ ನಿಲ್ಲಿಸಿ ಅಂಟಿಸಿ. ಪಕ್ಕದವು ಆ ಎರಡರ ತುದಿಗಳನ್ನೂ ಮುಚ್ಚುತ್ತವೆ. ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಕಟರ್‌ನಲ್ಲಿ ಹಗುರಾಗಿ ನಾಲ್ಕೈದು ಸಲ ಎಳೆಯಿರಿ. ಒಂದೇ ಏಟಿಗೆ ಕೊಯ್ಯಹೋದರೆ ಅಂಚು ಓರೆಯಾಗಿ ಮೂಲೆ ಕೂಡುವುದಿಲ್ಲ.

ಮುಚ್ಚಳದ ಮೇಲ್ಭಾಗ 17×11.8, ಅದರ ಗೋಡೆಗಳು 17×4.2ರ ಎರಡು, 12.2×4.2ರ ಎರಡು. ಪೆಟ್ಟಿಗೆಯ ಹೊರ ಅಳತೆ 16.6×11.4, ಅಂದರೆ ಸುತ್ತಲೂ 2 ಮಿ.ಮೀ. ಸಡಿಲ. ಇದು ಹೆಚ್ಚಾಯಿತು ಅನ್ನಿಸಬಹುದು. ಆದರೆ ಹೊದಿಕೆ ಬಟ್ಟೆ, ಒಳಗಿನ ಕಾಗದ, ಅಂಟು ಸೇರಿ ಆ ಸಂದು ತುಂಬಿಕೊಳ್ಳುತ್ತದೆ. ಬರೀ ರಟ್ಟು ಸರಿಯಾಗಿ ಕೂತಿತೆಂದು ಅಳತೆ ಬಿಗಿ ಮಾಡಿದರೆ ಹೊದಿಸಿದ ಮೇಲೆ ಮುಚ್ಚಳ ಇಳಿಯುವುದೇ ಇಲ್ಲ.

ಪೆಟ್ಟಿಗೆ ಮಾಡಿದೆ, ಆದರೆ ಮುಚ್ಚಳದ ನಡು ತಗ್ಗಿ ದೋಣಿಯಂತಾಗಿದೆ. ಮೈದಾ ಅಂಟಿನಲ್ಲಿ ಬಣ್ಣದ ಕಾಗದ ಅಂಟಿಸಿದ್ದೆ. – ಓದುಗರು, ತುಮಕೂರು

ಒದ್ದೆ ಅಂಟು ತಾಗಿದ ಕಾಗದ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಒಳಮೈಗೂ ಕಾಗದ ಅಂಟಿಸಿದ್ದರೆ ಎರಡೂ ಎಳೆತ ಸರಿತೂಗುತ್ತಿದ್ದವು. ಈಗಲೂ ಕಾಲ ಮಿಂಚಿಲ್ಲ. ಅಷ್ಟೇ ದಪ್ಪದ ಕಾಗದವನ್ನು ಒಳಗೆ ಅಂಟಿಸಿ, ಮುಚ್ಚಳ ಬೋರಲು ಹಾಕದೆ, ಒಳಗೆ ಕೂರುವಷ್ಟು ರಟ್ಟಿಟ್ಟು ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲಿ ಇನ್ನೊಂದು ದಿನ ಬೇಕು.

ಮುಂದಿನ ಸಲ ರಟ್ಟಿನ ನಾರಿನ ದಿಕ್ಕು ನೋಡಿ. ತುಂಡನ್ನು ಎರಡೂ ಕಡೆಯಿಂದ ಹಗುರಾಗಿ ಬಗ್ಗಿಸಿ. ಸಲೀಸಾಗಿ ಬಾಗುವಾಗ ಮಡಿಕೆಯ ಗೆರೆ ಯಾವ ಕಡೆಗಿರುತ್ತದೋ ನಾರು ಆ ಕಡೆಗೇ ಓಡುತ್ತದೆ. ರಟ್ಟು, ಕಾಗದ ಎರಡರ ನಾರೂ ಒಂದೇ ದಿಕ್ಕಿಗಿರಲಿ. ಮೈದಾ ಅಂಟಂತೂ ಬೇಡವೇ ಬೇಡ: ಜಿರಳೆಗೂ ಬೆಳ್ಳಿಹುಳುವಿಗೂ ಅದು ಊಟ. ಮೂರು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿ ತೆಳ್ಳಗೆ ಬಳಿಯಿರಿ.

ಅಜ್ಜಿಯ ರೇಷ್ಮೆ ಸೀರೆ ಮಡಿಕೆಯಲ್ಲಿ ಹರಿದಿದೆ. ಸೆರಗನ್ನು ಪೆಟ್ಟಿಗೆಗೆ ಹೊದಿಸಬಹುದೇ? – ಓದುಗರು, ಚಿಂತಾಮಣಿ

ಖಂಡಿತ ಹೊದಿಸಿ, ಅದಕ್ಕಿಂತ ಒಳ್ಳೆಯ ಹೊದಿಕೆ ಇಲ್ಲ. ನೇರವಾಗಿ ಮಾತ್ರ ಅಂಟಿಸಬೇಡಿ. ರೇಷ್ಮೆಯ ಎಳೆಗಳ ನಡುವೆ ಅಂಟು ಮೇಲೆ ಉಕ್ಕಿ, ಒಣಗಿದ ಮೇಲೆ ಎಣ್ಣೆ ಕಲೆಯಂತೆ ಕಾಣುತ್ತದೆ. ಅದು ಹೋಗುವುದಿಲ್ಲ. ದರ್ಜಿಗಳು ಕಾಲರಿಗೆ ಬಳಸುವ, ಇಸ್ತ್ರಿ ಬಿಸಿಗೆ ಅಂಟುವ ತೆಳು ಫ್ಯೂಸಿಂಗ್ ತಂದು ಸೆರಗಿನ ಹಿಂಬದಿಗೆ ಇಟ್ಟು, ಮೇಲೆ ಹತ್ತಿ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಒತ್ತಿ. ಇಸ್ತ್ರಿ ಪೆಟ್ಟಿಗೆಯನ್ನು ಉಜ್ಜಬೇಡಿ, ಎತ್ತಿ ಎತ್ತಿ ಇಡಿ. ಮೊದಲು ಮೂಲೆಯ ಚಿಂದಿಯಲ್ಲಿ ಪರೀಕ್ಷಿಸಿ.

ಅಂಟನ್ನು ಬಟ್ಟೆಗಲ್ಲ, ರಟ್ಟಿಗೆ ಬಳಿಯಿರಿ. ಸುತ್ತಲೂ 2 ಸೆಂ.ಮೀ. ಒಳಗೆ ಮಡಚಲು ಬಿಡಿ. ಮೂಲೆಯಲ್ಲಿ ಬಟ್ಟೆಯನ್ನು ಓರೆಯಾಗಿ ಕತ್ತರಿಸುವಾಗ ರಟ್ಟಿನ ತುದಿಯಿಂದ 3 ಮಿ.ಮೀ. ದೂರ ನಿಲ್ಲಿಸಿ, ಇಲ್ಲದಿದ್ದರೆ ಮೂಲೆಯಲ್ಲಿ ಬೂದು ರಟ್ಟು ಇಣುಕುತ್ತದೆ. ಜರಿ ಇರುವ ಭಾಗ ಹೊರಗಡೆಗೇ ಇರಲಿ. ಹಳೆಯ ಜರಿ ಕಪ್ಪಿಡುತ್ತದೆ, ಬಣ್ಣದ ರೇಷ್ಮೆ ತೇವ ತಾಗಿದರೆ ಬಣ್ಣ ಬಿಡುತ್ತದೆ. ಫೋಟೊ ತಾಗುವ ಒಳಮೈಗೆ ಆಮ್ಲರಹಿತ ಬಿಳಿ ಕಾಗದವೇ ಸರಿ.

ಮುಚ್ಚಳದ ಮೇಲೆ ತಾತನ ಕಪ್ಪು ಬಿಳುಪು ಫೋಟೊ ಕಾಣುವಂತೆ ಕಿಟಕಿ ಮಾಡಬೇಕು. ಫೋಟೊದ ಒಂದು ಮೂಲೆ ಹಳೇ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ, ಹೇಗೆ ಬಿಡಿಸುವುದು? – ಓದುಗರು, ಕೋಲಾರ

ಬಿಡಿಸಬೇಡಿ. ಫೋಟೊದ ಮೇಲ್ಪದರ ಜೆಲಟಿನ್, ತೇವ ಕುಡಿದು ಉಬ್ಬಿ ಗಾಜನ್ನು ಹಿಡಿದಿದೆ. ಎಳೆದರೆ ಚಿತ್ರ ಗಾಜಿನಲ್ಲಿ ಉಳಿದು ಬರೀ ಕಾಗದ ಕೈಗೆ ಬರುತ್ತದೆ. ಗಾಜಿನ ಸಮೇತವೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, 4×6ರ ಪ್ರಿಂಟ್ ತೆಗೆಸಿ ಅದನ್ನು ಕಿಟಕಿಗೆ ಹಾಕಿ. ಅಸಲು ಫೋಟೊ ಗಾಜಿನೊಂದಿಗೇ ಬೀರುವಿನ ಕತ್ತಲಲ್ಲಿರಲಿ. ಗಾಜಿಗೆ ಅಂಟದ ಫೋಟೊವಾಗಿದ್ದರೂ ಇದೇ ಮಾತು ಹೇಳುತ್ತಿದ್ದೆವು. ಬೆಳಕಿಗೆ ಮಾಸಿದ್ದು ಮರಳಿ ಬರುವುದಿಲ್ಲ, ಪ್ರತಿ ಮಾಸಿದರೆ ಇನ್ನೊಂದು ತೆಗೆಸಬಹುದು.

ಮೇಲೆ ಕೊಟ್ಟ ಅಳತೆಯ ಮುಚ್ಚಳದ ನಟ್ಟನಡುವೆ 14.4×9.4 ಸೆಂ.ಮೀ. ಕಿಟಕಿ ಕೊಯ್ಯಿರಿ, ಹೊದಿಕೆ ಹಾಕುವ ಮೊದಲೇ. ಒಳಗಿನಿಂದ 1 ಮಿ.ಮೀ. ಅಕ್ರಿಲಿಕ್ ಹಾಳೆ, ಅದರ ಹಿಂದೆ 2 ಮಿ.ಮೀ. ರಟ್ಟಿನ ಚೌಕಟ್ಟು, ಎರಡೂ ಹೊರ ಅಳತೆಯಲ್ಲಿ 16×10.8. ಇದಕ್ಕಿಂತ ದೊಡ್ಡದಾದರೆ ಮುಚ್ಚುವಾಗ ಪೆಟ್ಟಿಗೆಯ ಗೋಡೆಗೆ ತಾಗುತ್ತದೆ. ಚೌಕಟ್ಟಿನ ಪಟ್ಟಿ ಅಡ್ಡ ಬದಿಗಳಲ್ಲಿ 8 ಮಿ.ಮೀ., ಉದ್ದ ಬದಿಗಳಲ್ಲಿ 7 ಮಿ.ಮೀ. ಇರಲಿ. ಫೋಟೊ ಅಕ್ರಿಲಿಕ್‌ಗೆ ತಾಗದಂತೆ ಕಾಯುವುದು ಈ ಚೌಕಟ್ಟೇ, ನಿಮ್ಮ ತಾತನ ಫೋಟೊಗೆ ಆದದ್ದು ಪ್ರತಿಗೂ ಆಗಬಾರದಲ್ಲ. ಅದೇ ಅಳತೆಯ ಕಾರ್ಡಿಗೆ ಕಾಗದದ ಮೂಲೆಗಳಿಂದ ಪ್ರತಿಯನ್ನು ಸಿಕ್ಕಿಸಿ, ಕಾರ್ಡಿನ ಒಂದು ಉದ್ದ ಬದಿಗೆ ಮಾತ್ರ ಬಟ್ಟೆಯ ಪಟ್ಟಿ ಅಂಟಿಸಿ ಬಾಗಿಲಿನಂತೆ ತೂಗಿಸಿ. ಎದುರು ಬದಿಗೆ ಚಿಕ್ಕ ಲಾಡಿ ಇರಲಿ. ಹಬ್ಬಕ್ಕೊಂದು ಫೋಟೊ ಬದಲಾಯಿಸಬಹುದು. ಒಳಗಿನ ತಡೆ ಕಾರ್ಡುಗಳ ಎತ್ತರ 10.7 ದಾಟದಿರಲಿ, ಈ ಕಿಟಕಿ 4 ಮಿ.ಮೀ. ಜಾಗ ತಿನ್ನುತ್ತದೆ.

ಹುಳು ಬಾರದಂತೆ ನುಸಿಗುಳಿಗೆ ಹಾಕಬಹುದೇ? – ಓದುಗರು, ತಿಪಟೂರು

ಬೇಡ, ಅದರ ಆವಿ ಫೋಟೊ ಮೇಲೂ ಪ್ಲಾಸ್ಟಿಕ್ ಕವರಿನ ಮೇಲೂ ಕೂರುತ್ತದೆ. ಹಸಿ ಬೇವಿನೆಲೆಯೂ ಬೇಡ, ಅದು ತೇವ ತರುತ್ತದೆ. 10 ಗ್ರಾಂ ಸಿಲಿಕಾ ಜೆಲ್ ಪೊಟ್ಟಣ ಸಾಕು, ಹರಳು ಬಣ್ಣ ಬದಲಿಸಿದಾಗ ಹೊಸದು ಹಾಕಿ. ಪ್ರತ್ಯೇಕ ಕವರು ಬೇಕಿದ್ದರೆ ಪಾಲಿಪ್ರೊಪಿಲೀನ್ ಕೇಳಿ ಕೊಳ್ಳಿ. ಮೂಗಿಗೆ ಹೊಡೆಯುವಂತೆ ವಾಸನೆ ಬರುವ ಪಿವಿಸಿ ಕವರು ವರ್ಷಗಳಲ್ಲಿ ಫೋಟೊಗೆ ಮೆತ್ತಿಕೊಳ್ಳುತ್ತದೆ. ಪೆಟ್ಟಿಗೆಯನ್ನು ಅಟ್ಟದ ಮೇಲೂ ಶೀಟಿನ ಕೆಳಗೂ ಇಡದೆ, ಗೆದ್ದಲು ಏರದ ಬೀರುವಿನ ನಡು ಅಂಕಣದಲ್ಲಿಡಿ. ಹೆಸರು, ಊರು, ವರ್ಷವನ್ನು ಹಳೆಯ ಫೋಟೊಗಳ ಹಿಂದೆ ಮೆತ್ತನೆಯ 4ಬಿ ಪೆನ್ಸಿಲ್‌ನಲ್ಲಿ ಅಂಚಿಗೆ ಬರೆಯಿರಿ. ಬಾಲ್ ಪೆನ್ನಿನ ಒತ್ತು ಮುಂಬದಿಯ ಮುಖದ ಮೇಲೆ ಗೆರೆಯಾಗಿ ಮೂಡುತ್ತದೆ. ನುಣುಪಾದ ಹೊಸ ಪ್ರಿಂಟಿನ ಬೆನ್ನಿಗೆ ಪೆನ್ಸಿಲ್ ಹಿಡಿಯುವುದಿಲ್ಲ, ಅವುಗಳ ವಿವರವನ್ನು ತಡೆ ಕಾರ್ಡಿನ ಮೇಲೆ ಬರೆದಿಡಿ.