ಮೇಷ್ಟ್ರೇ, ಎಲ್ಲವನ್ನೂ ಒಂದೇ ಗಂಟು ಕಟ್ಟಬೇಡಿ

ಅರಸೀಕೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಪೂರ್ತಿ ಹಾಕಲು ಜಾಗವಿಲ್ಲ, ಮುಖ್ಯ ಮಾತು ಇಷ್ಟು: "ಕೊರೊನಾ ಕಾಲದಲ್ಲಿ ಸರ್ಕಾರ ಮಾಡಿದ್ದೆಲ್ಲ ನಾಟಕ. ಒಂದು ಕೇಸೂ ಇಲ್ಲದಾಗ ಹಾಸನಕ್ಕೆ ಬೀಗ ಹಾಕಿದರು, ಜನ ಸಾಯುವಾಗ ಬೆಳಗ್ಗೆ ಬೆಳಗ್ಗೆ ಸಂತೆ ನಡೆಸಿದರು. ಲಸಿಕೆಯ ಅಂತರವನ್ನು ಮೇಲಿಂದ ಮೇಲೆ ಬದಲಾಯಿಸಿದರು. ಈಗ ನೋಡಿ, ಅದೇ ಲಸಿಕೆಯಿಂದ ನಮ್ಮ ಜಿಲ್ಲೆಯ ಹುಡುಗರು ಎದೆ ಹಿಡಿದುಕೊಂಡು ಬೀಳುತ್ತಿದ್ದಾರೆ. ನಿಮ್ಮ ಪತ್ರಿಕೆ ಡಿಸಿ ಆಫೀಸಿನ ಪ್ರಕಟಣೆ ಅಚ್ಚು ಹಾಕಿತೇ ಹೊರತು ಒಂದು ಪ್ರಶ್ನೆ ಕೇಳಲಿಲ್ಲ. ಇನ್ನೊಂದು ರೋಗ ಬಂದರೆ ನಾನಂತೂ ಯಾರ ಮಾತೂ ಕೇಳುವವನಲ್ಲ."

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಓದಿ ಎರಡು ದಿನ ಸುಮ್ನೆ ಮೇಜಿನ ಮೇಲೆ ಇಟ್ಟಿದ್ದೆ. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಮೂರನೇ ದಿನ ಮತ್ತೆ ಓದಿದಾಗ ಅರ್ಧ ಸರಿ ಅನ್ನಿಸಿತು, ಇನ್ನರ್ಧಕ್ಕೆ ಜಗಳ ಆಡಲೇಬೇಕು ಅನ್ನಿಸಿತು. ಆಡುತ್ತೇನೆ.

ಮೊದಲು ನಮ್ಮ ತಪ್ಪು. 2020ರ ಏಪ್ರಿಲ್‌ನಲ್ಲಿ ನಮ್ಮ ಪತ್ರಿಕೆಯ ಒಂದು ಇಡೀ ಪುಟದಲ್ಲಿ ತರಕಾರಿಯನ್ನು ಉಪ್ಪು ನೀರಿನಲ್ಲಿ ಎಷ್ಟು ಹೊತ್ತು ನೆನೆಸಬೇಕು, ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ಹೇಗೆ ತೊಳೆಯಬೇಕು ಅಂತ ಹಾಕಿದ್ದೆವು. ಬರೆದವನು ನಾನೇ. ಮನೆಯಲ್ಲಿ ನೋಟಿಗೆಲ್ಲ ಇಸ್ತ್ರಿ ಹಾಕುತ್ತಿದ್ದೆ, ಒಂದು ಐನೂರರ ನೋಟು ಕರಕಲಾಯಿತು, ಹೆಂಡತಿ ಇವತ್ತಿಗೂ ಅದನ್ನು ಮರೆತಿಲ್ಲ. ಆಮೇಲೆ ಗೊತ್ತಾಯಿತು, ಈ ವೈರಸ್ ಹೆಚ್ಚಾಗಿ ಹರಡುವುದು ಉಸಿರಿನ ಗಾಳಿಯಲ್ಲಿ, ಅದರಲ್ಲೂ ಕಿಟಕಿ ಮುಚ್ಚಿದ, ಜನ ತುಂಬಿದ ಕೋಣೆಯಲ್ಲಿ. ಮುಟ್ಟಿದ ವಸ್ತುವಿನಿಂದ ಹರಡುವುದು ತೀರಾ ಕಡಿಮೆ. ಅದನ್ನೂ ಅಷ್ಟೇ ದೊಡ್ಡದಾಗಿ ಒಂದು ಪುಟ ಹಾಕಬೇಕಿತ್ತು. ಹಾಕಲಿಲ್ಲ. ನಿಮ್ಮ ಬೈಗುಳ ಅಷ್ಟರಮಟ್ಟಿಗೆ ನನಗೆ ಸಲ್ಲುತ್ತದೆ.

ಇನ್ನು ಬೀಗದ ವಿಷಯ. ಆ ದಿನಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚ್ 10ಕ್ಕೆ. ಆ ವಾರವೇ ರಾಜ್ಯದಲ್ಲಿ ಮಾಲು, ಥಿಯೇಟರು ಮುಚ್ಚಿದವು. 22ಕ್ಕೆ ಜನತಾ ಕರ್ಫ್ಯೂ. 24ರ ರಾತ್ರಿ ಎಂಟಕ್ಕೆ ಪ್ರಧಾನಿ ಟಿವಿಯಲ್ಲಿ ಬಂದು, ರಾತ್ರಿ ಹನ್ನೆರಡರಿಂದ ಇಡೀ ದೇಶ ಬಂದ್ ಅಂದರು. ಆಗ ಹಾಸನದಲ್ಲಿ ಒಂದು ಕೇಸೂ ಇರಲಿಲ್ಲ, ನಿಜ. ಮೇ ಎರಡನೇ ವಾರದವರೆಗೂ ನಾವು ಹಸಿರು ವಲಯ. ಮುಂಬೈನಿಂದ ಬಂದವರಲ್ಲಿ ಸೋಂಕು ಕಾಣಿಸಿಕೊಂಡ ಮೇಲೆ ಅದು ಹೋಯಿತು. ಆದರೆ ಮೇಷ್ಟ್ರೇ, ಕೇಸು ಇರಲಿಲ್ಲ ಅಂತ ನಿಮಗೆ ಗೊತ್ತಾಗಿದ್ದು ಆಮೇಲೆ. ಆ ರಾತ್ರಿ ಯಾರಿಗೂ ಗೊತ್ತಿರಲಿಲ್ಲ. ಗಂಟಲು ದ್ರವ ಪರೀಕ್ಷೆ ಮಾಡುವ ಲ್ಯಾಬು ಶುರುವಿನಲ್ಲಿ ಇದ್ದದ್ದೇ ರಾಜ್ಯದ ಕೆಲವು ಊರುಗಳಲ್ಲಿ. ಹಾಸನದ ನಮ್ಮ ಸರ್ಕಾರಿ ಮೆಡಿಕಲ್ ಕಾಲೇಜು ಹಿಮ್ಸ್ ಅದರಲ್ಲಿ ಒಂದು, ಪಕ್ಕದ ಚಿಕ್ಕಮಗಳೂರಿಗೆ ಅದೂ ಇರಲಿಲ್ಲ. ಪಿಪಿಇ ಕಿಟ್ ಇಲ್ಲ, ಬೆಡ್ ಇಲ್ಲ, ಯಾವ ಔಷಧ ಕೊಡಬೇಕು ಅಂತ ಡಾಕ್ಟರಿಗೇ ಗೊತ್ತಿಲ್ಲ. ಒಂದಷ್ಟು ದಿನ ಮುಚ್ಚಿ ತಯಾರಿ ಮಾಡಿಕೊಳ್ಳುವುದು ತಪ್ಪಾಗಿರಲಿಲ್ಲ ಅಂತ ನಾನು ಈಗಲೂ ಹೇಳುತ್ತೇನೆ.

ಆದರೆ ನಾಲ್ಕು ಗಂಟೆ ಟೈಮು ಕೊಟ್ಟು ಮುಚ್ಚಿದ್ದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಲೈನ್ ಮನೆಗಳಲ್ಲಿ ಹೊರಗಿನಿಂದ ಬಂದ ಕೂಲಿಯವರು ಊರಿಗೂ ಹೋಗಲಾಗದೆ, ಸಂತೆಗೂ ಹೋಗಲಾಗದೆ ಕೂತರು. ಇತ್ತ ಆಲೂಗಡ್ಡೆ ಬೆಳೆಯುವವರಿಗೆ ಪಂಜಾಬಿನಿಂದ ಬಿತ್ತನೆ ಗಡ್ಡೆ ಬರುತ್ತದೋ ಇಲ್ಲವೋ ಅನ್ನುವ ಚಿಂತೆ. ಮೇ ತಿಂಗಳಲ್ಲಿ ಬಿತ್ತದಿದ್ದರೆ ಆ ವರ್ಷ ಹೋಯಿತು ಅಂತಲೇ ಲೆಕ್ಕ ಅಲ್ವಾ. ಇದೆಲ್ಲ ಬೆಂಗಳೂರು, ದೆಹಲಿಯಲ್ಲಿ ಕೂತು ಆದೇಶ ಬರೆದವರ ತಲೆಗೆ ಬಂದಿರಲಿಲ್ಲ. ಬರಬೇಕಿತ್ತು.

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡಿ. ಸರ್ಕಾರದ ಬೀಗಕ್ಕಿಂತ ಗಟ್ಟಿ ಬೀಗ ಹಾಕಿದ್ದು ನಾವೇ. ಊರ ಬಾಗಿಲಿಗೆ ಮುಳ್ಳು ಎಳೆದವರು ಯಾರು? ರಸ್ತೆಗೆ ಅಡ್ಡ ಗುಂಡಿ ತೋಡಿದವರು ಯಾರು? ಮುಂಬೈನಿಂದ ಬಂದ ನಮ್ಮೂರಿನ ಮಕ್ಕಳನ್ನೇ ಒಳಗೆ ಬಿಡಬೇಡಿ ಅಂದವರು ಯಾರು? ಮನೆ ಮನೆ ಸರ್ವೆಗೆ ಬಂದ ಆಶಾ ಕಾರ್ಯಕರ್ತೆಯರನ್ನು ಗೇಟಿನಿಂದಲೇ ಬೈದು ಕಳಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ಹೆಂಗಸರಿಗೆ ಕೊಡುತ್ತಿದ್ದ ಗೌರವಧನ ಎಷ್ಟು ಅಂತ ಕೇಳಿದರೆ ನಾಚಿಕೆಯಾಗಬೇಕು.

2021ರ ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ನಿಲ್ಲುತ್ತೇನೆ. ಏಪ್ರಿಲ್ 27ರ ರಾತ್ರಿಯಿಂದ ಕರ್ಫ್ಯೂ, ಬೆಳಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ. ಕೇಳಲಿಕ್ಕೆ ಬಿಗಿ ಅನ್ನಿಸುತ್ತದೆ. ಆಗಿದ್ದೇನು? ದಿನವಿಡೀ ಹರಡಿಕೊಂಡು ಬರುತ್ತಿದ್ದ ಜನ ನಾಲ್ಕೇ ಗಂಟೆಯಲ್ಲಿ ಬಂದರು. ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟಿಗೆ ಕೈ ಚಾಚಿದರೆ ಇನ್ನೊಬ್ಬರ ಹೆಗಲಿಗೆ ತಾಗುತ್ತಿತ್ತು. ಹತ್ತು ಗಂಟೆಗೆ ಲಾಠಿ ಬರುತ್ತದೆ ಅಂತ ಒಂಬತ್ತೂವರೆಗೆ ನೂಕುನುಗ್ಗಲು. ಗಾಳಿಯಲ್ಲಿ ಹರಡುವ ಕಾಯಿಲೆಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಬೇಕಾ? ಅಂಗಡಿ ದಿನವಿಡೀ ತೆರೆದಿಟ್ಟು ಒಳಗೆ ಇಷ್ಟೇ ಜನ ಅಂತ ಮಾಡಬಹುದಿತ್ತು. ನಾವು ಆಗ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ, ತಡವಾಗಿ.

ಜೂನ್ 14ಕ್ಕೆ ರಾಜ್ಯದಲ್ಲಿ ಒಂದೊಂದೇ ತೆರೆಯುತ್ತಾ ಬಂದಾಗ 11 ಜಿಲ್ಲೆಗಳನ್ನು ಹಾಗೇ ಮುಚ್ಚಿಟ್ಟರು. ಅದರಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಇದ್ದವು. ಪಕ್ಕದ ತುಮಕೂರಿನ ತಿಪಟೂರಿನಲ್ಲಿ ಅಂಗಡಿ ತೆರೆದಿದೆ, ಅರಸೀಕೆರೆಯಲ್ಲಿ ಇಲ್ಲ. ನಿಮಗೆ ಉರಿ ಹತ್ತಿದ್ದು ಅಲ್ಲೇ ಅಂತ ಪತ್ರದಲ್ಲೇ ಗೊತ್ತಾಗುತ್ತದೆ. ಕಾರಣ ಇತ್ತು. ನೂರು ಜನರಿಗೆ ಟೆಸ್ಟ್ ಮಾಡಿದರೆ ಎಷ್ಟು ಜನರಲ್ಲಿ ಸೋಂಕು ಸಿಗುತ್ತದೆ ಅನ್ನುವ ಲೆಕ್ಕ ನಮ್ಮಲ್ಲಿ ಇನ್ನೂ ಇಳಿದಿರಲಿಲ್ಲ. ಆ ಲೆಕ್ಕವನ್ನು ಯಾರಾದರೂ ಬಸ್ ಸ್ಟ್ಯಾಂಡಿನಲ್ಲಿ ಒಂದು ಬೋರ್ಡ್ ಬರೆದು ಹಾಕಿದ್ದರೆ, ಇಷ್ಟಕ್ಕೆ ಇಳಿದರೆ ತೆರೆಯುತ್ತೇವೆ ಅಂತ ಹೇಳಿದ್ದರೆ, ಜನ ದಿನಾ ಅದನ್ನೇ ನೋಡಿ ಮಾತಾಡಿಕೊಳ್ಳುತ್ತಿದ್ದರು, ಕ್ರಿಕೆಟ್ ಸ್ಕೋರಿನ ಹಾಗೆ. ಯಾರೂ ಹೇಳಲಿಲ್ಲ. ಆದೇಶ ಬಂತು, ಅಷ್ಟೇ.

ನನಗೆ ಸರ್ಕಾರದ ಮೇಲೆ ದೊಡ್ಡ ತಕರಾರು ಇರುವುದು ಇಲ್ಲೇ. 2020ರ ಡಿಸೆಂಬರ್ 23ಕ್ಕೆ ರಾತ್ರಿ ಕರ್ಫ್ಯೂ ಅಂದರು, ಮಾರನೇ ದಿನ ಜಾರಿಗೆ ಬರುವ ಮೊದಲೇ ವಾಪಸ್ ತೆಗೆದುಕೊಂಡರು. ಅದೇ ವರ್ಷ ಮಾಸ್ಕ್ ದಂಡ ಸಿಟಿಯಲ್ಲಿ ಸಾವಿರ, ಹಳ್ಳಿಯಲ್ಲಿ ಐನೂರು ಅಂದರು, ಒಂದು ವಾರದಲ್ಲಿ ಇನ್ನೂರೈವತ್ತು ಮತ್ತು ನೂರಕ್ಕೆ ಇಳಿಸಿದರು. ಯಾಕೆ ಏರಿಸಿದರು, ಯಾಕೆ ಇಳಿಸಿದರು? ಹೊಸ ಕಾಯಿಲೆಯಲ್ಲಿ ನಿಯಮ ಬದಲಾಗುವುದು ಸಹಜ, ನಾನೇ ಹಾಲಿನ ಪ್ಯಾಕೆಟ್ ತೊಳೆಯುವುದನ್ನು ಬಿಟ್ಟೆ. ಕಾರಣ ಹೇಳದೆ ಬದಲಾಯಿಸಿದರೆ ಜನ ತಾವೇ ಒಂದು ಕಾರಣ ಹುಡುಕಿಕೊಳ್ಳುತ್ತಾರೆ, ಅದು ಹೆಚ್ಚಾಗಿ ನಾಟಕ ಅನ್ನುವ ಕಾರಣವೇ ಆಗಿರುತ್ತದೆ.

ನಮ್ಮ ಜನ ಮಾತು ಕೇಳುವವರಲ್ಲ ಅಂತ ಅಧಿಕಾರಿಗಳು ಹೇಳುತ್ತಾರಲ್ಲ, ಅದು ಸುಳ್ಳು. ಮೈಸೂರು ಸೀಮೆಗೆ 1898ರಲ್ಲಿ ಪ್ಲೇಗ್ ಬಂತು, ಆಮೇಲೆ ವರ್ಷಗಟ್ಟಲೆ ಬಂದು ಹೋಗುತ್ತಿತ್ತು. ನಮ್ಮಜ್ಜಿ ಹೇಳುತ್ತಿದ್ದರು, ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಪಾತ್ರೆ ಪಡಗ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುತ್ತಿದ್ದರಂತೆ. ಯಾವ ಪೊಲೀಸಿನವನೂ ಹೇಳಬೇಕಿರಲಿಲ್ಲ. ನಮ್ಮ ಆಫೀಸಿನ ಉಪಸಂಪಾದಕಿ ಕೊಪ್ಪದವಳು. ಅವಳ ಕಡೆ ಮಂಗನ ಕಾಯಿಲೆ ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡದ್ದು, ಮಲೆನಾಡಿನಲ್ಲಿ ಈಗಲೂ ಬೇಸಿಗೆ ಬಂತೆಂದರೆ ಭಯ. ಕಾಡಲ್ಲಿ ಮಂಗ ಸತ್ತಿದ್ದು ಕಂಡರೆ ಊರಿನವರೇ ಫೋನ್ ಮಾಡಿ ತಿಳಿಸುತ್ತಾರೆ, ದರಗು, ಅಂದರೆ ಒಣಗಿದ ಎಲೆ, ತರಲು ಹೋಗುವಾಗ ಕೈಕಾಲಿಗೆ ಇಲಾಖೆಯವರು ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಾರೆ, ವಾಪಸ್ ಬಂದು ಬಿಸಿನೀರಲ್ಲಿ ಮೀಯುತ್ತಾರೆ. ಮಂಗ ಸತ್ತರೆ ಅಲ್ಲಿ ಉಣ್ಣೆ ಅನ್ನುವ ರಕ್ತ ಹೀರುವ ಹುಳ ಇದೆ, ಉಣ್ಣೆ ಕಚ್ಚಿದರೆ ಜ್ವರ. ಇಷ್ಟು ಗೊತ್ತಿದ್ದರೆ ಸಾಕು, ಮಾಡುತ್ತಾರೆ. ಕೊರೊನಾದಲ್ಲಿ ಬೀಳುವ ಇಲಿಯೂ ಇರಲಿಲ್ಲ, ಸತ್ತ ಮಂಗವೂ ಇರಲಿಲ್ಲ. ಬಾಯಿಬಿಟ್ಟು ಹೇಳಲೇಬೇಕಿತ್ತು. ಹೇಳುವ ಬದಲು ರಸ್ತೆಯಲ್ಲಿ ಬಸ್ಕಿ ಹೊಡೆಸಿದರು.

ಈಗ ಲಸಿಕೆ. ಇಲ್ಲಿ ಜಗಳ.

ಕೋವಿಶೀಲ್ಡ್ ಎರಡು ಡೋಸ್ ನಡುವೆ ಮೊದಲು ನಾಲ್ಕರಿಂದ ಆರು ವಾರ ಅಂದರು. 2021ರ ಮಾರ್ಚ್‌ನಲ್ಲಿ ನಾಲ್ಕರಿಂದ ಎಂಟು, ಆರರಿಂದ ಎಂಟಾದರೆ ಒಳ್ಳೆಯದು ಅಂದರು, ಮೇನಲ್ಲಿ ಹನ್ನೆರಡರಿಂದ ಹದಿನಾರು. ನಾಟಕ ಅಂತೀರಿ. ಆ ಲಸಿಕೆಯ ವಿದೇಶಿ ಪ್ರಯೋಗಗಳ ಲೆಕ್ಕ ಆ ವರ್ಷದ ಶುರುವಿನಲ್ಲಿ ಹೊರಬಂತು. ಆರು ವಾರದೊಳಗೆ ಎರಡನೇ ಡೋಸ್ ಕೊಟ್ಟವರಲ್ಲಿ ಪರಿಣಾಮ ಶೇ. 55ರಷ್ಟು, ಹನ್ನೆರಡು ವಾರ ಬಿಟ್ಟು ಕೊಟ್ಟವರಲ್ಲಿ ಶೇ. 81ರಷ್ಟು. ಅಂತರ ಹೆಚ್ಚಿಸಲು ಇದು ಗಟ್ಟಿ ಕಾರಣ. ಅದೇ ಹೊತ್ತಿಗೆ ಲಸಿಕೆಯೂ ಸಾಕಷ್ಟು ಇರಲಿಲ್ಲ, ಇದೂ ನಿಜ. ಸರ್ಕಾರ ಮೊದಲನೆಯದನ್ನು ಮಾತ್ರ ಹೇಳಿತು. ಎರಡನ್ನೂ ಹೇಳಿದ್ದರೆ ಆಕಾಶ ಬೀಳುತ್ತಿರಲಿಲ್ಲ. ಲಸಿಕೆ ಹಾಕಿಸಿಕೊಂಡವರಿಗೂ ಕೊರೊನಾ ಬಂತಲ್ಲ ಅಂತೀರಿ. ಬಂತು. ನನಗೂ ಬಂತು, ಮೂರು ದಿನ ಮಲಗಿ ಎದ್ದೆ. ಆ ಲಸಿಕೆಯಿಂದ ಜಾಸ್ತಿ ತಪ್ಪಿದ್ದು ಸಾವು ಮತ್ತು ಐಸಿಯು. ಸೋಂಕು ಅಷ್ಟಾಗಿ ತಪ್ಪಲಿಲ್ಲ.

ನನ್ನ ಚಿಕ್ಕಪ್ಪನ ಕತೆ ಹೇಳಬೇಕು. ಅವರಿಗೆ ಐವತ್ತೆಂಟು. 45 ದಾಟಿದವರಿಗೆಲ್ಲ ಏಪ್ರಿಲ್ 1ರಿಂದ ಲಸಿಕೆ ಸಿಗುತ್ತಿತ್ತು. ಯುಗಾದಿ ಮುಗಿಯಲಿ ಅಂದರು. ಯುಗಾದಿ ಮುಗಿದ ಮೇಲೆ ಶುಂಠಿ ಹಾಕಿ ಆಗಲಿ ಅಂದರು. ಆ ಹೊತ್ತಿಗೆ ಕೇಂದ್ರದ ಮುಂದೆ ಸ್ಟಾಕ್ ಇಲ್ಲ ಅನ್ನುವ ಬೋರ್ಡ್. ಮೇ ಮೂರನೇ ವಾರದಲ್ಲಿ ಒಂದು ಆಸ್ಪತ್ರೆಯಲ್ಲಿ ಹೋದರು, ಯಾವುದು ಅಂತ ಬೇಡ. ಬೆಡ್ ಇದೆ ಅಂತ ಕರೆಸಿಕೊಂಡು ವೀಲ್‌ಚೇರಿನಲ್ಲಿ ಅರ್ಧ ರಾತ್ರಿ ಕೂರಿಸಿದ್ದರು. ಸಂಸ್ಕಾರಕ್ಕೆ ಐದೇ ಜನ. ಮುಖ ತೋರಿಸಿ ಅಂತ ಚಿಕ್ಕಮ್ಮ ಕೇಳಿದಾಗ ರೂಲ್ಸ್ ಇಲ್ಲ ಅಂದರು. ಹಾಗೊಂದು ನಿಯಮ ನಿಜಕ್ಕೂ ಇತ್ತಾ, ಇದ್ದರೂ ಎಷ್ಟು ಅಗತ್ಯವಿತ್ತು ಅಂತ ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ದೂರದಿಂದ ಮುಖ ನೋಡಿದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಹಾಗಾಗಿ, ಮೇಷ್ಟ್ರೇ, ನಿಯಮಗಳ ಬಗ್ಗೆ ನಿಮಗಿರುವಷ್ಟೇ ಸಿಟ್ಟು ನನಗೂ ಇದೆ. ಆದರೆ ಲಸಿಕೆಯೂ ನಾಟಕ ಅಂತ ನೀವು ಬರೆದಾಗ ನನಗೆ ಕಾಣುವುದು ಶುಂಠಿ ಹಾಕಿ ಆಗಲಿ ಅಂದ ಆ ಮುಖ.

ಹಾಸನದ ಹೃದಯಾಘಾತಗಳ ಸುದ್ದಿ 2025ರ ಮೇ, ಜೂನ್‌ನಲ್ಲಿ ಶುರುವಾಯಿತು. ದಿನಕ್ಕೊಂದು ಸಾವಿನ ಸುದ್ದಿ, ಟಿವಿಯಲ್ಲಿ ಅದೇ. ಹೆದರಿದ ಜನ ಮೈಸೂರು, ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಕ್ಯೂ ನಿಂತರು. ಲಸಿಕೆಯ ಮೇಲೆ ಸ್ವತಃ ಮುಖ್ಯಮಂತ್ರಿಗಳೇ ಅನುಮಾನ ಹೇಳಿದರು. ಆಮೇಲೆ ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಒಂದೊಂದಾಗಿ ನೋಡಿತು. ನಾಲ್ಕಕ್ಕೆ ಹೃದಯದ ಸಂಬಂಧವೇ ಇರಲಿಲ್ಲ. ಉಳಿದವರಲ್ಲಿ ಬಹಳಷ್ಟು ಕಡೆ ಸಕ್ಕರೆ, ಬಿಪಿ, ಬೀಡಿ ಸಿಗರೇಟು, ಕುಡಿತ ಇಂಥವು ಸಿಕ್ಕವು. ಲಸಿಕೆಗೆ ಸಂಬಂಧ ಸಿಗಲಿಲ್ಲ. ಅದಕ್ಕೂ ಮೊದಲು ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ದೇಶದ 47 ಆಸ್ಪತ್ರೆಗಳಲ್ಲಿ 18ರಿಂದ 45 ವಯಸ್ಸಿನವರ ದಿಢೀರ್ ಸಾವುಗಳನ್ನು ನೋಡಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಹೆಚ್ಚಿದ್ದು ಕೊರೊನಾ ಬಂದು ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಇಂಥ ಸಾವು ಇದ್ದವರಲ್ಲಿ, ಒಂದೇ ಸಲಕ್ಕೆ ಮಿತಿಮೀರಿ ಕುಡಿದವರಲ್ಲಿ.

ಕೋವಿಶೀಲ್ಡ್‌ನಿಂದ ತೊಂದರೆಯೇ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಇಳಿಯುವ ಒಂದು ತೊಂದರೆ ಇದೆ, ತೀರಾ ಅಪರೂಪ. ಲಸಿಕೆ ರೂಪಿಸಿದ ಆಸ್ಟ್ರಾಜೆನೆಕಾ ಕಂಪನಿಯೇ 2024ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ಅದನ್ನು ಒಪ್ಪಿಕೊಂಡಿದೆ. ಆದರೆ ಅದು ಬರುವುದು ಚುಚ್ಚಿಸಿಕೊಂಡ ಕೆಲವು ವಾರಗಳಲ್ಲಿ. ನಾಲ್ಕು ವರ್ಷ ಸುಮ್ಮನಿದ್ದು ಹಾಸನದಲ್ಲಿ ಮಾತ್ರ ಎದ್ದು ಬರುವುದಿಲ್ಲ. ಇದೇ ಲಸಿಕೆ ತಿಪಟೂರಿನವರೂ ಹಾಕಿಸಿಕೊಂಡಿದ್ದಾರೆ ಅಲ್ವಾ.

ನಿಮ್ಮ ಪತ್ರದ ನಾಲ್ಕನೇ ಪುಟದಲ್ಲಿ, ಸರ್ಕಾರವನ್ನು ಬೈದು ಮುಗಿಸಿದ ಮೇಲೆ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದೆ. ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತುವಾಗ ಈಚೆಗೆ ಎದೆ ಬಿಗಿಯುತ್ತದೆ, ಆಸ್ಪತ್ರೆಗೆ ಹೋಗುವ ಮನಸ್ಸಿಲ್ಲ ಅಂತ. ನಾನು ಎರಡು ದಿನ ಪತ್ರ ಮುಚ್ಚಿಟ್ಟದ್ದು ತಪ್ಪಾಯಿತು ಅನ್ನಿಸಿದ್ದು ಆ ಸಾಲು ಓದಿದ ಮೇಲೆ. ಈಗ ತಾಲ್ಲೂಕು ಆಸ್ಪತ್ರೆಯಲ್ಲೇ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ಮಾಡುತ್ತಾರೆ, ದುಡ್ಡಿಲ್ಲ. ಆ ರಿಪೋರ್ಟನ್ನು ದೊಡ್ಡ ಆಸ್ಪತ್ರೆಯ ಡಾಕ್ಟರು ಅಲ್ಲಿಂದಲೇ ನೋಡುತ್ತಾರೆ, ಹೃದಯಾಘಾತ ಅಂತ ಕಂಡರೆ ಹೆಪ್ಪು ಕರಗಿಸುವ ಸಾವಿರಾರು ರೂಪಾಯಿಯ ಇಂಜೆಕ್ಷನ್ ಕೂಡ ಬಿಟ್ಟಿ. ಇದೂ ಸರ್ಕಾರದ್ದೇ, ಏನು ಮಾಡುವುದು.

ಈ ಸಂಚಿಕೆ ನಿಮ್ಮ ಕೈಗೆ ಬರುವುದು ಶುಕ್ರವಾರ. ಅಷ್ಟರವರೆಗೆ ಕಾಯುವುದು ಬೇಡ ಅಂತ ನಾಳೆ ಬೆಳಗ್ಗೆಯೇ ಫೋನ್ ಮಾಡುತ್ತೇನೆ. ಬೈಯುವುದಿದ್ದರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಬೈಯಿರಿ.

ಸಂಪಾದಕ