ಸಂಪಾದಕರ ಉತ್ತರ: ಕಂಪನಿ ದಾವೆ ಹಾಕಿದ ಮಾತ್ರಕ್ಕೆ ನೀವು ಸೋತಿಲ್ಲ

ಪತ್ರ ಬರೆದವರು ರಾಣೆಬೆನ್ನೂರು ತಾಲೂಕಿನ ರೈತರು. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಒಂದು ದೊಡ್ಡ ಬೀಜದ ಕಂಪನಿಗೆ ಅರ್ಧ ಎಕರೆಯಲ್ಲಿ ಹೈಬ್ರಿಡ್ ಮೆಣಸಿನಕಾಯಿ ಬೀಜ ಬೆಳೆದುಕೊಡಲು ಒಪ್ಪಿದ್ದರು. ಎಲೆ ಮುಟುರು ರೋಗ ಬಿದ್ದು ಇಳುವರಿ ಅರ್ಧಕ್ಕಿಂತ ಕಡಿಮೆ ಬಂತು. ಕಂಪನಿ ನಂಬಲಿಲ್ಲ. ‘ಉಳಿದ ಬೀಜವನ್ನು ಹೊರಗೆ ಮಾರಿದ್ದೀರಿ’ ಎಂದು 9 ಲಕ್ಷ ರೂಪಾಯಿ ಪರಿಹಾರ ಕೇಳಿ ಹೈದರಾಬಾದಿನ ಕೋರ್ಟಿನಲ್ಲಿ ದಾವೆ ಹಾಕಿದೆ. ಈಗ ಸಮನ್ಸ್ ಬಂದಿದೆ. ಪತ್ರದ ಕೊನೆಗೆ ಅವರ ಪ್ರಶ್ನೆ ಇದು: ‘ಅಷ್ಟು ದೊಡ್ಡ ಕಂಪನಿ ಎದುರಿಗೆ ಕೋರ್ಟಿನ್ಯಾಗ ನಮ್ಮಂಥವರ ಮಾತು ಯಾರು ಕೇಳ್ತಾರ್ರೀ? ಗೆದ್ದವ ಸೋತ, ಸೋತವ ಸತ್ತ ಅಂತಾರ. ಹೋಗೋದರಾಗ ಏನರ ಅರ್ಥ ಐತೇನು?’

ಆತ್ಮೀಯರೇ,

ಅರ್ಥ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಕೈಯಲ್ಲಿ ದಿನಗಳು ಜಾಸ್ತಿ ಇಲ್ಲ. ‘ಸಮನ್ಸ್ ತಗೋಬ್ಯಾಡ, ವಾಪಸ್ ಕಳಿಸು’ ಎಂದು ಊರ ಹಿರಿಯರು ಹೇಳಿದ್ದು ನಿಮ್ಮ ಮೇಲಿನ ಪ್ರೀತಿಯಿಂದಲೇ. ಆದರೆ ಆ ಸಲಹೆ ಕೇಳಿದರೆ ಕೆಟ್ಟಿರಿ. ಅಂಚೆಯವರು ಲಕೋಟೆಯ ಮೇಲೆ ‘ನಿರಾಕರಿಸಿದ್ದಾರೆ’ ಎಂದು ಬರೆದು ಕಳಿಸಿದರೆ, ಸಮನ್ಸ್ ನಿಮಗೆ ಮುಟ್ಟಿದೆ ಎಂದೇ ಕೋರ್ಟು ತಿಳಿಯುತ್ತದೆ. ಆಮೇಲೆ ನಡೆಯುವುದು ಏಕಪಕ್ಷೀಯ ವಿಚಾರಣೆ. ಕಂಪನಿಯ ಮ್ಯಾನೇಜರ್ ಒಬ್ಬರು ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸುತ್ತಾರೆ, ಅದನ್ನು ಪ್ರಶ್ನಿಸುವವರು ಯಾರೂ ಇರುವುದಿಲ್ಲ, ಡಿಕ್ರಿ, ಅಂದರೆ ಹಣ ಕೊಡಿ ಎಂಬ ಕೋರ್ಟಿನ ಆದೇಶ, ಆಗುತ್ತದೆ. ಆ ಡಿಕ್ರಿಯನ್ನು ಜಾರಿ ಮಾಡಲು ನಿಮ್ಮ ಭಾಗದ ಕೋರ್ಟಿಗೇ ಕಳಿಸಬಹುದು. ಆಗ ನೀವು ಓಡಿ ಬಂದು ‘ನಾನು ಬೀಜ ಮಾರಿಲ್ಲ’ ಎಂದರೂ ಇಲ್ಲಿನ ನ್ಯಾಯಾಧೀಶರು ಆ ಮಾತಿಗೆ ಕೈ ಹಾಕುವಂತಿಲ್ಲ. ಡಿಕ್ರಿ ಸರಿಯೋ ತಪ್ಪೋ ಎಂದು ನೋಡುವುದು ಜಾರಿ ಮಾಡುವ ಕೋರ್ಟಿನ ಕೆಲಸ ಅಲ್ಲ. ಹೈದರಾಬಾದಿಗೇ ಹೋಗಿ ಡಿಕ್ರಿ ರದ್ದು ಮಾಡಿ ಎಂದು ಕೇಳಬೇಕು, ಅದಕ್ಕೂ 30 ದಿನಗಳ ಗಡುವಿದೆ.

ಸಿವಿಲ್ ಕೋರ್ಟಿನಲ್ಲಿ ಒಬ್ಬಂಟಿ ಮನುಷ್ಯನಿಗೆ ಆಗುವ ಅನ್ಯಾಯ ತೀರ್ಪಿನಲ್ಲಿ ಕಡಿಮೆ, ತೀರ್ಪಿಗೆ ಮುಂಚೆಯೇ ಜಾಸ್ತಿ. ಇದು ನನ್ನ ಗಟ್ಟಿಯಾದ ಅಭಿಪ್ರಾಯ. ಬಾಯಿ ತೆರೆದು ಹೇಳಿಕೊಂಡವರ ಮಾತನ್ನು ಕೇಳುವ ನ್ಯಾಯಾಧೀಶರು ನಮ್ಮಲ್ಲಿ ಇದ್ದಾರೆ. ಅವರ ಮುಂದೆ ಹೋಗಿ ನಿಲ್ಲುವುದೇ ಕಷ್ಟ. ಎಷ್ಟು ದೂರ ಹೋಗಬೇಕು, ಎಷ್ಟು ಸಲ ಹೋಗಬೇಕು, ಯಾವ ಭಾಷೆಯಲ್ಲಿ ಓದಬೇಕು, ಕೂಲಿ ಬಿಟ್ಟ ದಿನದ ಲೆಕ್ಕ ಯಾರು ಕೊಡುತ್ತಾರೆ? ಕಂಪನಿಗೆ ಇದು ಅದರ ಕಾನೂನು ವಿಭಾಗದ ನೂರಾರು ಫೈಲುಗಳಲ್ಲಿ ಒಂದು. ನಿಮಗೆ ಮನೆಮಂದಿಯ ನಿದ್ದೆ ಕೆಡಿಸಿದ ಸಂಗತಿ.

ದೂರದ ವಿಷಯವನ್ನೇ ಮೊದಲು ನೋಡೋಣ. ‘ಕರಾರಿನಲ್ಲಿ ಹೈದರಾಬಾದ್ ಕೋರ್ಟಿಗೆ ಮಾತ್ರ ಅಧಿಕಾರ ಅಂತ ಐತಿ, ಹಂಗಾಗಿ ಏನೂ ಮಾಡಾಕ ಬರೂದಿಲ್ಲ’ ಎಂದು ನಿಮಗೆ ಯಾರೋ ಹೇಳಿದ್ದಾರೆ. ಪೂರ್ತಿ ನಿಜ ಅಲ್ಲ. ಎರಡು ಮೂರು ಕೋರ್ಟುಗಳಿಗೆ ಅಧಿಕಾರ ಇರುವಾಗ ಅವುಗಳಲ್ಲಿ ಒಂದನ್ನು ಕರಾರಿನಲ್ಲಿ ಆರಿಸಿಕೊಳ್ಳಬಹುದು, ಕಾನೂನಿನ ಪ್ರಕಾರ ಅಧಿಕಾರವೇ ಇಲ್ಲದ ಕೋರ್ಟಿಗೆ ಕರಾರಿನಿಂದ ಅಧಿಕಾರ ಹುಟ್ಟುವುದಿಲ್ಲ ಎಂಬುದು 1989ರ ಸುಪ್ರೀಂ ಕೋರ್ಟ್ ತೀರ್ಪು. ಕರಾರಿಗೆ ಸಹಿ ಆದದ್ದು ನಿಮ್ಮ ಊರಿನಲ್ಲಿ. ಗಂಡು, ಹೆಣ್ಣು ಸಾಲಿನ ಬೀಜ ಕೊಟ್ಟದ್ದು, ಕ್ರಾಸಿಂಗ್ ಮಾಡಿಸಿದ್ದು, ಬೀಜ ತೂಗಿ ಕಂಪನಿಯ ಪರವಾಗಿ ಬೀಜ ಬೆಳೆಸುವ ಆರ್ಗನೈಸರ್ ಕೈಗೆ ಒಪ್ಪಿಸಿದ್ದು ಎಲ್ಲವೂ ಇಲ್ಲೇ. ಹಾಗಾದರೆ ಹೈದರಾಬಾದಿನಲ್ಲಿ ನಡೆದದ್ದೇನು? ಈ ಪ್ರಶ್ನೆಯನ್ನು ನಿಮ್ಮ ವಕೀಲರು ಮೊದಲ ಅವಕಾಶದಲ್ಲೇ ಎತ್ತಬೇಕು. ಜಾಗದ ತಕರಾರನ್ನು ತಡವಾಗಿ ಎತ್ತಿದರೆ ನಡೆಯುವುದಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಕಲಂ ಹೇಳುತ್ತದೆ.

ಆಮೇಲೆ ಸಮನ್ಸನ್ನು ಇನ್ನೊಮ್ಮೆ ಓದಿಸಿ. ಅದು ‘ಕಮರ್ಷಿಯಲ್’ ದಾವೆಯೇ? 2018ರಿಂದ 3 ಲಕ್ಷ ರೂಪಾಯಿ ಮತ್ತು ಅದಕ್ಕೂ ಮೇಲಿನ ವ್ಯಾಪಾರದ ತಕರಾರುಗಳು ಕಮರ್ಷಿಯಲ್ ಕೋರ್ಟಿಗೆ ಹೋಗಬಹುದು. ಸಾಮಾನ್ಯ ದಾವೆಯಲ್ಲಿ ನಿಮ್ಮ ಲಿಖಿತ ಹೇಳಿಕೆ ಕೊಡಲು 30 ದಿನ, ಕೋರ್ಟು ಒಪ್ಪಿದರೆ 90 ದಿನ. ತಕ್ಕ ಕಾರಣ ಇದ್ದರೆ ಅದರ ಮೇಲೂ ಸ್ವಲ್ಪ ಸಡಿಲು ಸಿಗುತ್ತದೆ. ಕಮರ್ಷಿಯಲ್ ದಾವೆಯಲ್ಲಿ 120 ದಿನ ಆದ ಮೇಲೆ ಬಾಗಿಲು ಮುಚ್ಚಿತು, ನ್ಯಾಯಾಧೀಶರು ಮನಸ್ಸು ಮಾಡಿದರೂ ತೆರೆಯುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ನಿಮಗೆ ಅನುಕೂಲವಾಗುವ ಒಂದು ನಿಯಮವೂ ಅದೇ ಕಾನೂನಿನಲ್ಲಿದೆ. ತುರ್ತು ತಡೆಯಾಜ್ಞೆ ಬೇಕಾಗಿಲ್ಲದಿದ್ದರೆ, ದಾವೆ ಹಾಕುವ ಮುಂಚೆ ಕಂಪನಿ ಮಧ್ಯಸ್ಥಿಕೆಗೆ ಪ್ರಯತ್ನ ಮಾಡಿರಲೇಬೇಕು. ನಿಮಗೆ ಅಂಥ ಕರೆ ಬಂದಿತ್ತೇ? ಬಂದಿರದಿದ್ದರೆ ವಕೀಲರಿಗೆ ತಪ್ಪದೆ ಹೇಳಿ, ಅದೊಂದೇ ಕಾರಣಕ್ಕೆ ದಾವೆ ತಿರಸ್ಕಾರ ಆಗಬಹುದು.

ಲಿಖಿತ ಹೇಳಿಕೆಯಲ್ಲಿ ‘ಎಲ್ಲಾ ಸುಳ್ಳು’ ಎಂದು ಒಂದೇ ಸಾಲು ಬರೆದರೆ ಸಾಲದು. ಕಂಪನಿಯ ಒಂದೊಂದು ಆರೋಪಕ್ಕೂ ಬೇರೆ ಬೇರೆ ಉತ್ತರ ಕೊಡಬೇಕು. ಅಲ್ಲಗಳೆಯದ ಮಾತನ್ನು ಒಪ್ಪಿಕೊಂಡ ಮಾತು ಎಂದೇ ಹಿಡಿಯುತ್ತಾರೆ. ಇನ್ನು ಸಾಬೀತು ಮಾಡುವ ಹೊಣೆ ಕಂಪನಿಯದು. ಬೀಜ ಯಾರಿಗೆ ಮಾರಿದಿರಿ, ಯಾವಾಗ, ಎಷ್ಟು ಕೆಜಿ ಎಂದು ಅದು ತೋರಿಸಬೇಕು. ಇಳುವರಿ ಕಡಿಮೆ ಬಂತು, ಆದ್ದರಿಂದ ಮಾರಿರಲೇಬೇಕು ಎನ್ನುವುದು ಅನುಮಾನ ಅಷ್ಟೇ. ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದವರು ಬಂದು ರೋಗದ ಗಿಡ ನೋಡಿದ್ದರು ಎಂದು ಬರೆದಿದ್ದೀರಿ. ಅವರು ಬರೆದುಕೊಟ್ಟ ಚೀಟಿ ಚಿನ್ನಕ್ಕಿಂತ ಬೆಲೆಬಾಳುತ್ತದೆ, ಹುಡುಕಿ ಇಡಿ. ಆರ್ಗನೈಸರ್‌ಗೆ ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳಿರುವ ಮೊಬೈಲನ್ನು ಮಾರಬೇಡಿ, ರಿಪೇರಿಗೂ ಕೊಡಬೇಡಿ. ಅಂಥ ಸಾಕ್ಷ್ಯವನ್ನು ಪ್ರಮಾಣಪತ್ರದ ಜೊತೆ ಸಲ್ಲಿಸಬೇಕಾಗುತ್ತದೆ, ವಕೀಲರಿಗೆ ಅದು ಗೊತ್ತಿರುತ್ತದೆ. ಕರಾರಿನಲ್ಲಿ 9 ಲಕ್ಷದ ದಂಡ ಎಂದು ಮೊದಲೇ ಬರೆದಿದ್ದರೂ ಅಷ್ಟೂ ತನ್ನಿಂತಾನೇ ಸಿಗುವುದಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಆ ಮೊತ್ತ ಗರಿಷ್ಠ ಮಿತಿ ಮಾತ್ರ, ಕೊಡುವುದು ನ್ಯಾಯವೆನಿಸುವಷ್ಟು ಪರಿಹಾರ.

ನಿಮ್ಮಂಥವರದೇ ಒಂದು ಪ್ರಕರಣ ದೇಶಕ್ಕೆಲ್ಲ ಗೊತ್ತಾಗಿದೆ. 2019ರಲ್ಲಿ ಪೆಪ್ಸಿಕೋ ಕಂಪನಿ ಗುಜರಾತಿನ ನಾಲ್ವರು ಆಲೂಗಡ್ಡೆ ರೈತರ ಮೇಲೆ ಅಹಮದಾಬಾದಿನ ಕೋರ್ಟಿನಲ್ಲಿ ತಲಾ 1.05 ಕೋಟಿ ರೂಪಾಯಿ ಕೇಳಿ ದಾವೆ ಹಾಕಿತು. ಚಿಪ್ಸಿಗೆಂದು ತಾನು ನೋಂದಾಯಿಸಿದ ತಳಿಯನ್ನು ಅವರು ಅಪ್ಪಣೆ ಇಲ್ಲದೆ ಬೆಳೆದರು ಎಂಬುದು ದೂರು. ರೈತರ ಮಾತು ಕೇಳುವ ಮುಂಚೆಯೇ ಮಧ್ಯಂತರ ತಡೆಯಾಜ್ಞೆ ಬಂತು. ಆದರೆ 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆಯ 39ನೇ ಕಲಂ ನೋಡಿ. ರಕ್ಷಿತ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಬಹುದು. ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ, ಅಷ್ಟೇ. ರೈತ ಸಂಘಟನೆಗಳು ಎದ್ದವು, ಊರೂರಿನಿಂದ ವಿರೋಧ ಬಂತು, ಸರ್ಕಾರವೂ ಮಾತಾಡಿತು, ಮೇ ತಿಂಗಳಲ್ಲಿ ಕಂಪನಿ ದಾವೆ ವಾಪಸ್ ತೆಗೆದುಕೊಂಡಿತು. ತಳಿಯ ನೋಂದಣಿಯ ಜಗಳ ಬೇರೆ ದಾರಿಯಲ್ಲಿ ಮುಂದುವರಿಯಿತು. 2021ರ ಡಿಸೆಂಬರಿನಲ್ಲಿ ತಳಿಗಳನ್ನು ನೋಂದಾಯಿಸುವ ಪ್ರಾಧಿಕಾರ ಆ ನೋಂದಣಿ ರದ್ದು ಮಾಡಿತು, 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ಆದೇಶವನ್ನು ತಳ್ಳಿಹಾಕಿತು.

ಈ ಕಥೆಯನ್ನು ರೈತರ ಗೆಲುವು ಎಂದು ಹೇಳುವವರು ಬಹಳ. ನನಗೆ ಅರ್ಧ ಗೆಲುವು ಎನಿಸುತ್ತದೆ. ‘ರೈತರು ಮಾಡಿದ್ದು ಕಾನೂನಿನ ಪ್ರಕಾರ ಸರಿ’ ಎಂದು ಆ ದಾವೆಗಳಲ್ಲಿ ಯಾವ ನ್ಯಾಯಾಧೀಶರೂ ಬರೆಯಲಿಲ್ಲ, ದಾವೆಯೇ ಹಿಂದೆ ಹೋಯಿತಲ್ಲ! ಬೀದಿಗೆ ಬಂದ ಜನ ಉಳಿಸಿದರು. ನಮ್ಮ ಕಡೆಯಲ್ಲೂ ಹಾಗೆಯೇ. 1987ರಲ್ಲಿ ಹಾನಗಲ್ ತಾಲೂಕಿನ ಕುಸನೂರಿನ ಜನ ಕಂಪನಿಯ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದ ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹ ನಿಮ್ಮ ಹಿರಿಯರಿಗೆ ನೆನಪಿರಬಹುದು. ಅಲ್ಲಿ ಊರಿಗೆ ಊರೇ ಇತ್ತು, ಧಾರವಾಡದ ಸಮಾಜ ಪರಿವರ್ತನ ಸಮುದಾಯ ಇತ್ತು, ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿ ಇತ್ತು. ಅರ್ಧ ಎಕರೆಯ ಕರಾರಿನ ಮೇಲೆ ಒಬ್ಬರ ಹೆಸರಿಗೆ ಸಮನ್ಸ್ ಬಂದಾಗ ಯಾರೂ ಮೆರವಣಿಗೆ ತೆಗೆಯುವುದಿಲ್ಲ. ಅಂಥವರಿಗೆ ಕೋರ್ಟೇ ಕೈ ಹಿಡಿಯಬೇಕು.

ಹೊರದೇಶದಲ್ಲೂ ಇದೇ ಗೋಳು. ಲಂಡನ್ನಿನಲ್ಲಿ ಹೆಲೆನ್ ಸ್ಟೀಲ್, ಡೇವ್ ಮಾರಿಸ್ ಎಂಬ ಇಬ್ಬರ ಮೇಲೆ ಮೆಕ್‌ಡೊನಾಲ್ಡ್ಸ್ ಕಂಪನಿ ಒಂದು ಕರಪತ್ರಕ್ಕಾಗಿ ಮಾನಹಾನಿ ದಾವೆ ಹಾಕಿತು. ಅಲ್ಲಿ ಮಾನಹಾನಿ ಕೇಸಿಗೆ ಸರ್ಕಾರದ ಕಾನೂನು ನೆರವು ಇರಲಿಲ್ಲ. ಇಬ್ಬರೂ ಬಡವರು, ಬಹುಪಾಲು ತಾವೇ ವಾದಿಸಿದರು. ವಿಚಾರಣೆ 313 ದಿನ ಕೂತಿತು. 1997ರಲ್ಲಿ ತೀರ್ಪು ಬಂದಾಗ ಕೆಲವು ಮಾತುಗಳು ನಿಜ ಎಂದಾಯಿತು, ಆದರೂ ಪರಿಹಾರ ಕೊಡಿ ಎಂದಿತು ಕೋರ್ಟು. ಕೊನೆಗೆ 2005ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಇಷ್ಟು ದೊಡ್ಡ ಕಂಪನಿಯ ಎದುರು ನೆರವಿಲ್ಲದೆ ನಿಲ್ಲಿಸಿದ್ದೇ ನ್ಯಾಯವಾದ ವಿಚಾರಣೆಯ ಹಕ್ಕಿಗೆ ಧಕ್ಕೆ ಎಂದು ಹೇಳಿತು. ಹಾಗೆ ಹೇಳಿಸಿಕೊಳ್ಳಲು ಇಬ್ಬರ ಆಯುಷ್ಯದ ಎಷ್ಟು ಒಳ್ಳೆಯ ವರ್ಷಗಳು ಹೋದವು!

ಈ ಒಂದು ವಿಷಯದಲ್ಲಿ ನಮ್ಮ ಕಾನೂನು ವಾಸಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ದಾವೆ ಹಾಕುವವರಿಗೆ ಮಾತ್ರವಲ್ಲ, ದಾವೆ ಎದುರಿಸುವವರಿಗೂ ಉಚಿತ ವಕೀಲರನ್ನು ಕೊಡುತ್ತದೆ. ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಅಂಗವಿಕಲರು, ಆದಾಯ ಮಿತಿಯ ಒಳಗಿರುವವರು ಎಲ್ಲರೂ ಅರ್ಹರು. ಕರಾರಿನಲ್ಲಿ ನಿಮ್ಮ ಮನೆಯವರ ಸಹಿಯೂ ಇದೆ ಎಂದಿದ್ದೀರಿ. ಅವರನ್ನೂ ಪ್ರತಿವಾದಿ ಮಾಡಿದ್ದರೆ, ಮಹಿಳೆ ಎಂಬ ಕಾರಣಕ್ಕೇ ಅವರಿಗೆ ಆದಾಯದ ಲೆಕ್ಕವಿಲ್ಲದೆ ಈ ನೆರವು ಸಿಗಬೇಕು. 15100ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ.

‘ಸೋತವ ಸತ್ತ’ ಎಂದಿರಿ. ಸೋತರೂ ಸಾಯಬೇಕಾಗಿಲ್ಲ. ಇದನ್ನು ನಿಮ್ಮ ಮನೆಯಲ್ಲಿ ಜೋರಾಗಿ ಓದಿ. ರೈತ ವಾಸವಿರುವ ಸ್ವಂತ ಮನೆ, ಬೇಸಾಯದ ಸಲಕರಣೆ, ಜೀವನಕ್ಕೆ ಬೇಕಾದ ಎತ್ತು, ಬಿತ್ತನೆ ಬೀಜ ಇವನ್ನು ಇಂಥ ಹಣದ ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಅಡ್ಡ ನಿಂತಿದೆ. ಹೊಲಕ್ಕೆ ಮಾತ್ರ ಆ ರಕ್ಷಣೆ ಇಲ್ಲ, ಅದಕ್ಕೇ ಹೋಗಿ ವಾದಿಸಿ ಎನ್ನುತ್ತಿರುವುದು. ಜೈಲಿನ ಮಾತು ಹೇಳಿ ಯಾರೋ ಹೆದರಿಸಿದ್ದಾರಲ್ಲ? ನಿಜವಾಗಿ ಕೈಯಲ್ಲಿ ದುಡ್ಡಿಲ್ಲದವರನ್ನು ಸಾಲಕ್ಕಾಗಿ ಸಿವಿಲ್ ಜೈಲಿಗೆ ಹಾಕಬಾರದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಇದ್ದದ್ದನ್ನು ಬಚ್ಚಿಟ್ಟವರ ಮಾತು ಬೇರೆ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಸುಮ್ನೆ ಕಾಡಿಸಲು ಸುಳ್ಳು ದಾವೆ ಹಾಕಿದವರಿಂದ ಕೊಡಿಸಬಹುದಾದ ವಿಶೇಷ ಪರಿಹಾರ ಸಾಮಾನ್ಯ ದಾವೆಗಳಲ್ಲಿ ಎಷ್ಟು ಗೊತ್ತೇ? ಅದೇ ಸಂಹಿತೆಯ 35ಎ ಕಲಂ ಪ್ರಕಾರ ಹೆಚ್ಚೆಂದರೆ 3,000 ರೂಪಾಯಿ. 1976ರ ತಿದ್ದುಪಡಿಯಲ್ಲಿ ಇಟ್ಟ ಮೊತ್ತ ಅದು. ರಾಣೆಬೆನ್ನೂರಿನಿಂದ ಇಬ್ಬರು ಹೈದರಾಬಾದಿಗೆ ಒಂದು ಸಲ ಹೋಗಿ ಬಂದರೆ ಅದು ಮುಗಿಯಿತು. ಕಂಪನಿಗೆ ಅದು ಯಾವ ಹೆದರಿಕೆ? ಆ ಮೊತ್ತವನ್ನು ಏರಿಸಬೇಕು. ಗ್ರಾಹಕ ದೂರನ್ನು ಗ್ರಾಹಕ ತಾನಿದ್ದ ಊರಿನಲ್ಲೇ ಹಾಕಬಹುದು ಎಂದು 2019ರ ಕಾಯ್ದೆ ಒಪ್ಪಿದೆ. ಅದೇ ನ್ಯಾಯವನ್ನು ಕಂಪನಿಯ ಕರಾರಿಗೆ ಸಹಿ ಹಾಕಿದ ರೈತನಿಗೂ ಕೊಡಿ, ದಾವೆ ಹಾಕುವುದಿದ್ದರೆ ಅವನ ಜಿಲ್ಲೆಗೆ ಬಂದು ಹಾಕಲಿ. ನಮ್ಮ ಶಾಸಕರು, ಸಂಸದರು ಈ ಎರಡನ್ನು ಮಾಡಿಸಿದರೆ ಸಾಕು, ಇಂಥ ದಾವೆಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದೇ ಇಲ್ಲ ಎಂದು ನಾನು ನಂಬಿದ್ದೇನೆ.

ಕೊನೆಯದಾಗಿ, ರಾಜಿ ಆಗಲೇ ಎಂದು ಕೇಳಿದ್ದೀರಿ. ರಾಜಿ ತಪ್ಪಲ್ಲ. ಆದರೆ ಲಿಖಿತ ಹೇಳಿಕೆ ಕೊಟ್ಟ ಮೇಲೆ ಮಾತಿಗೆ ಕೂಡಿ, ಅದಕ್ಕೂ ಮುಂಚೆ ಕೂತರೆ ಗಡುವು ಅಷ್ಟರಲ್ಲಿ ಜಾರಿಹೋಗುತ್ತದೆ. ರಾಜಿ ಪತ್ರವನ್ನು ಕನ್ನಡದಲ್ಲಿ ಸಾಲು ಸಾಲಾಗಿ ಓದಿಸಿಕೊಳ್ಳಿ. ‘ಬೀಜ ಮಾರಿದ್ದು ನಿಜ’ ಎಂಬ ಒಪ್ಪಿಗೆ, ‘ಇನ್ನು ಮುಂದೆ ಬೇರೆ ಕಂಪನಿಗೆ ಬೆಳೆಯುವುದಿಲ್ಲ’ ಎಂಬ ಮಾತು ಅದರಲ್ಲಿ ಸೇರಿದ್ದರೆ ಸಹಿ ಮಾಡಬೇಡಿ. ರಾಜಿ ಡಿಕ್ರಿಯ ಮೇಲೆ ಅಪೀಲು ಇಲ್ಲ. ಈ ವಾರವೇ ಕರಾರು, ಪಹಣಿ, ಸಮನ್ಸ್ ಹಿಡಿದು ರಾಣೆಬೆನ್ನೂರಿನ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಸಮನ್ಸ್ ಬಂದ ಲಕೋಟೆಯನ್ನೂ ಜೊತೆಗಿಟ್ಟುಕೊಳ್ಳಿ. ಅದು ನಿಮ್ಮ ಕೈಗೆ ಬಂದ ದಿನದಿಂದಲೇ 30 ದಿನಗಳ ಎಣಿಕೆ, ಆ ದಿನಕ್ಕೆ ಲಕೋಟೆಯ ಮೇಲಿನ ಅಂಚೆ ಮುದ್ರೆ ಸಾಕ್ಷಿ.